ದನವಾದ ಧನ: ಮಾರ್ಕ್‌ಡೌನ್ ಸೂಚನೆಯನ್ನು ಚಿತ್ರವಾಗಿಸಿದ ಒಂದು ಪ್ರಕರಣ

ಗ್ರಂಥಾಲಯದ ಬಾಗಿಲ ಪಕ್ಕ ತೂಗುಹಾಕಿದ್ದ ಇ-ಪೇಪರ್ ಎಂಬ ಎಲೆಕ್ಟ್ರಾನಿಕ್ ಕಾಗದದ ಫಲಕದ ಮುಂದೆ ನಿಂತು ಗ್ರಂಥಪಾಲಕಿ ಕೇಳಿದರು: "ಏನ್ರೀ ಇದು, ವಿದ್ಯಾರ್ಥಿಗಳಿಗೆ ದನ ಕೊಡ್ತಿದೀವಾ?"

ಫಲಕದ ಮೇಲೆ "ಸಹಾಯದನಕ್ಕೆ ಅರ್ಜಿ ಸಲ್ಲಿಸಲು ಕೊನೆಯ ದಿನ" ಎಂದಿತ್ತು. ಮೂಲ ಕಡತ ತೆರೆದು ನೋಡಿದೆ, ಅಲ್ಲಿ "ಸಹಾಯಧನ" ಎಂದು ಸರಿಯಾಗಿಯೇ ಇತ್ತು. ಕಡತದಿಂದ ಫಲಕಕ್ಕೆ ಹೋಗುವ ದಾರಿಯಲ್ಲಿ ಎಲ್ಲೋ "ಧ"ದ ಹೊಟ್ಟೆ ಸೀಳು ಬಿದ್ದುಹೋಗಿತ್ತು. ಆ ದಾರಿ ಹಾಕಿದವನು ನಾನು. ಒಂದು ವಾರಾಂತ್ಯದ ಕೆಲಸ ಎಂದು ಒಪ್ಪಿಕೊಂಡದ್ದು ಎರಡು ತಿಂಗಳು ಹಿಡಿಯಿತು. ಏಕೆ ಹಿಡಿಯಿತು ಎನ್ನುವುದೇ ಈ ಬರಹ.

ಏನಿತ್ತು, ಏನು ಬೇಕಿತ್ತು

ಸೂಚನೆಗಳನ್ನು ಬರೆಯುವವರು ಮೂರು ಜನ, ಮೂವರೂ ಬರೆಯುವುದು ಹೆಚ್ಚಾಗಿ ಮೊಬೈಲಿನಲ್ಲೇ. ಅವರಿಗೆ ಮಾರ್ಕ್‌ಡೌನ್ ಕಲಿಸಿದ್ದೂ ನಾನೇ. ಜಾನ್ ಗ್ರೂಬರ್ 2004ರಲ್ಲಿ ಹೊರಬಿಟ್ಟ ಈ ಬರವಣಿಗೆಯ ಕ್ರಮಕ್ಕೆ ಇಮೇಲಿನಲ್ಲಿ ಜನ ಮೊದಲಿನಿಂದ ಬರೆಯುತ್ತಿದ್ದ ರೀತಿಯೇ ಆಧಾರ. ಒತ್ತು ಕೊಡಬೇಕಾದ ಪದಕ್ಕೆ ನಕ್ಷತ್ರ, ಪಟ್ಟಿಗೆ ಅಡ್ಡಗೆರೆ, ತಲೆಬರಹಕ್ಕೆ # ಚಿಹ್ನೆ. ಯಾವ ತಂತ್ರಾಂಶವೂ ಬೇಡ, ಬರಿಗಣ್ಣಿಗೂ ಓದಲು ಬರುತ್ತದೆ. ಹತ್ತು ನಿಮಿಷದಲ್ಲಿ ಕಲಿತರು.

ಇನ್ನೊಂದು ತುದಿಯಲ್ಲಿದ್ದದ್ದು 800×480 ಪಿಕ್ಸೆಲ್‌ನ ಕಪ್ಪು-ಬಿಳುಪು ಫಲಕ. ಅದರ ಬೆನ್ನಿಗೆ ಇಎಸ್‌ಪಿ32 ಎಂಬ ಪುಟ್ಟ ಚಿಪ್ಪು, 520 ಕೆಬಿ ರ‍್ಯಾಮ್. ಅದಕ್ಕೆ ಫಾಂಟ್ ಗೊತ್ತಿಲ್ಲ, ಕನ್ನಡ ಗೊತ್ತಿಲ್ಲ, ಮಾರ್ಕ್‌ಡೌನ್ ಅಂತೂ ಗೊತ್ತೇ ಇಲ್ಲ. ಯಾವ ಚುಕ್ಕೆ ಕಪ್ಪು, ಯಾವುದು ಬಿಳಿ ಎಂದಷ್ಟೇ ಹೇಳಬೇಕು. ನಡುವೆ 512 ಎಂಬಿ ನೆನಪಿನ ಒಂದು ಸಣ್ಣ ಲಿನಕ್ಸ್ ಯಂತ್ರ ಕೂತು ಸೂಚನೆಯನ್ನು ಚಿತ್ರ ಮಾಡಿಕೊಡಬೇಕು.

ಯಾವ ಚಿತ್ರ ಎಂಬ ಪ್ರಶ್ನೆ ಬೇಗ ಬಗೆಹರಿಯಿತು. ಜೆಪೆಗ್ ಚಿತ್ರವನ್ನು 8×8ರ ಚೌಕಗಳಾಗಿ ಒಡೆದು ಸವೆಸುವುದರಿಂದ ಅಕ್ಷರದ ಅಂಚಿನ ಸುತ್ತ ಕೊಳೆ ಮೆತ್ತಿದಂತಾಗುತ್ತದೆ. ಫೋಟೋಗೆ ಸರಿ, ಬರಹಕ್ಕಲ್ಲ. ಪಿಎನ್‌ಜಿ ಒಳ್ಳೆಯದೇ, ಆದರೆ ಚಿಪ್ಪಿನಲ್ಲಿ ಅದನ್ನು ಬಿಚ್ಚುವ ಕೋಡ್ ಬೇಕು. ಹಾಗಾಗಿ ಪಿಬಿಎಂ ಹಿಡಿದೆ. 1980ರ ದಶಕದಲ್ಲಿ ಜೆಫ್ ಪೊಸ್ಕಾಂಜರ್ ಮಾಡಿದ ಈ ರೂಪದ ಮೊದಲ ಉದ್ದೇಶ, ಚಿತ್ರವನ್ನು ಸಾದಾ ಅಕ್ಷರಗಳಾಗಿ ಇಮೇಲಿನಲ್ಲಿ ಕಳಿಸುವುದು. ಅದರ "ಪಿ1" ರೂಪದಲ್ಲಿ ಕಪ್ಪಿಗೆ 1, ಬಿಳುಪಿಗೆ 0 ಎಂದು ಸಾಲಾಗಿ ಬರೆದಿರುತ್ತದೆ. ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಕಣ್ಣು ಕಿರಿದು ಮಾಡಿದರೆ, ಚಿತ್ರ ಸಣ್ಣದಾಗಿದ್ದಲ್ಲಿ, ಅಕ್ಷರದ ಆಕಾರವೇ ಕಾಣುತ್ತದೆ. ನಾವು ಬಳಸಿದ್ದು "ಪಿ4", ಅಂದರೆ ಎಂಟು ಚುಕ್ಕೆಗೆ ಒಂದು ಬೈಟ್. ಒಂದು ಸಾಲಿಗೆ 100 ಬೈಟ್, 480 ಸಾಲಿಗೆ 48,000. ಮುಂದೆ "ಪಿ4", ಅಗಲ, ಎತ್ತರ ಬರೆದ 11 ಬೈಟ್‌ಗಳ ಹೆಡರ್. ಒಟ್ಟು 48,011. ಇದಕ್ಕಿಂತ ಸರಳ ಇನ್ನೇನು ಬೇಕು ಅಂದುಕೊಂಡೆ.

ಮೊದಲ ಸೋಲು: ಒತ್ತಕ್ಷರ

ಮೊದಲ ಸ್ಕ್ರಿಪ್ಟ್ ಬರೆದದ್ದು ಪೈಥಾನ್‌ನ ಪಿಲ್ಲೋ ಎಂಬ ತಂತ್ರಾಂಶ ಗ್ರಂಥಾಲಯ (ಚಿತ್ರದ ಕೆಲಸಕ್ಕೆ ಸಿದ್ಧವಾಗಿ ಸಿಗುವ ಕೋಡಿನ ಕಟ್ಟು) ಬಳಸಿ. ಮಾರ್ಕ್‌ಡೌನ್ ಓದಿ, ಒಂದೊಂದೇ ಸಾಲನ್ನು ಚಿತ್ರದ ಮೇಲೆ ಬರೆಯುವುದು, ಅಷ್ಟೇ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಬಂತು. ಸಣ್ಣ ಯಂತ್ರಕ್ಕೆ ಹಾಕಿದರೆ "ಸ್ತ್ರೀ" ಎಂಬ ಪದ ಮೂರು ತುಂಡಾಗಿ ಬಿತ್ತು. "ಸೂರ್ಯ"ದ ಅರ್ಕಾವತ್ತು ಕೊನೆಗೆ ಹೋಗುವ ಬದಲು "ರ" ಮುಂದೆಯೇ ನಿಂತುಕೊಂಡಿತ್ತು. "ಕಿ"ಯಲ್ಲಿ ತಲೆಕಟ್ಟು ಕಳಚದೆಯೇ ಗುಡಿಸು ಪಕ್ಕಕ್ಕೆ ಅಂಟಿಕೊಂಡಿತ್ತು.

"ಸ್ತ್ರೀ" ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು ಸಂಕೇತ: ಸ, ವಿರಾಮ (ವ್ಯಂಜನದ ಸ್ವರ ತೆಗೆಯುವ ಗುರುತು), ತ, ವಿರಾಮ, ರ, ದೀರ್ಘ ಈಕಾರ. ಕಡತದಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ 18 ಬೈಟ್. ಈ ಆರನ್ನು ಕೂಡಿಸಿ, ಯಾವುದು ಕೆಳಗೆ ಹೋಗಬೇಕು, ಯಾವುದು ಇನ್ನೊಂದರ ಜತೆ ಬೆಸೆಯಬೇಕು ಎಂದು ಫಾಂಟಿನ ಒಳಗಿನ ನಿಯಮ ಓದಿ ನಿರ್ಧರಿಸುವ ಕೆಲಸ ಹಾರ್ಫ್‌ಬಜ್‌ನಂಥ ಇಂಜಿನ್‌ನದು. ಪಿಲ್ಲೋ ಅದನ್ನು ರಾಕ್ಮ್ ಎಂಬ ನಡುವಿನ ಗ್ರಂಥಾಲಯದ ಮೂಲಕ ಕರೆಯುತ್ತದೆ. ರಾಕ್ಮ್ ಸಿಗದಿದ್ದರೆ ಒಂದು ಮಾತೂ ಆಡದೆ, ಸಂಕೇತಕ್ಕೊಂದು ಆಕಾರ ಸಾಲಾಗಿ ಜೋಡಿಸುವ ಸಾದಾ ವಿಧಾನಕ್ಕೆ ಇಳಿಯುತ್ತದೆ. ಇಂಗ್ಲಿಷಿನವರಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಸಣ್ಣ ಯಂತ್ರದಲ್ಲಿ ರಾಕ್ಮ್‌ಗೆ ಬೇಕಾದ ಫ್ರಿಬಿಡಿ ಎಂಬ ಇನ್ನೊಂದು ಗ್ರಂಥಾಲಯ ಇರಲಿಲ್ಲ. ದೋಷದ ಸಂದೇಶವಿಲ್ಲ, ಎಚ್ಚರಿಕೆಯಿಲ್ಲ, ಕೆಟ್ಟ ಕನ್ನಡ ಮಾತ್ರ. ಹೀಗೆ ಬಾಯಿಬಿಡದೆ ಕೈಕೊಡುವ ತಂತ್ರಾಂಶಕ್ಕಿಂತ ಅರಚಿಕೊಂಡು ನಿಲ್ಲುವುದೇ ಮೇಲು ಎಂದು ನನಗೆ ಅವತ್ತಿನಿಂದ ಅನಿಸಿದೆ.

ಅದೇ ದಿನ ಇನ್ನೊಂದು ಪಾಠವೂ ಆಯಿತು. ಯಂತ್ರವನ್ನು ಹೊಸದಾಗಿ ಸಜ್ಜು ಮಾಡಿದಾಗ ಅಕ್ಷರದ ಬದಲು ಬರೀ ಚೌಕದ ಡಬ್ಬಿಗಳು ಬಂದವು. ಕನ್ನಡ ಫಾಂಟ್ ಹಾಕುವುದನ್ನೇ ಮರೆತಿದ್ದೆ. ಇದನ್ನು ವಿವರಿಸಲು ಏನೂ ಇಲ್ಲ, ಹಾಕಿದೆ, ಸರಿಹೋಯಿತು.

ಮೂರು ದಾರಿ

ರಾಕ್ಮ್ ಸರಿಮಾಡಿದರೆ ಸಾಕಿತ್ತು. ಆದರೆ ಸಾಲು ಮುರಿಯುವುದು, ತಲೆಬರಹಕ್ಕೆ ದೊಡ್ಡ ಅಕ್ಷರ, ಒಂದೇ ಸಾಲಿನೊಳಗೆ ದಪ್ಪ ಮತ್ತು ಸಾದಾ ಅಕ್ಷರ, ಎಲ್ಲವನ್ನೂ ಕೈಯಾರೆ ಬರೆಯಬೇಕಾಗಿತ್ತು. ಅದನ್ನೆಲ್ಲ ಬೇರೆಯವರು ಆಗಲೇ ಮಾಡಿಟ್ಟಿದ್ದಾರಲ್ಲ ಎಂದು ಹುಡುಕಿದೆ.

ಎಲ್ಲರೂ ಮೊದಲು ಹೇಳುವುದು ಬ್ರೌಸರ್. ಮಾರ್ಕ್‌ಡೌನ್ ಅನ್ನು ಎಚ್‌ಟಿಎಂಎಲ್ ಮಾಡು, ಪರದೆಯಿಲ್ಲದೆ ಓಡುವ ಕ್ರೋಮ್‌ಗೆ ಕೊಡು, ಸ್ಕ್ರೀನ್‌ಶಾಟ್ ತೆಗೆ. ಕನ್ನಡ ಮುತ್ತಿನಂತೆ ಬಂತು. 512 ಎಂಬಿ ಯಂತ್ರ ಮಾತ್ರ ಏದುಸಿರು ಬಿಟ್ಟಿತು. ನಾನು ಅದನ್ನು ಕೈಬಿಟ್ಟ ಕಾರಣ ಅದಲ್ಲ. ಕಿಟಕಿಯ ಅಳತೆ 800×480 ಎಂದು ಕೊಟ್ಟರೆ ಅದರಾಚೆಗಿನ ಬರಹ ಸದ್ದಿಲ್ಲದೆ ಕತ್ತರಿಸಿ ಹೋಗುತ್ತದೆ. ಸೂಚನೆಯ ಕೊನೆಯ ಸಾಲಿನಲ್ಲೇ ಸಾಮಾನ್ಯವಾಗಿ ದಿನಾಂಕ ಇರುತ್ತದೆ. ದಿನಾಂಕವಿಲ್ಲದ ಸೂಚನೆ ಹಾಕುವುದಕ್ಕಿಂತ ಹಾಕದಿರುವುದೇ ವಾಸಿ.

ಎರಡನೆಯದು ಬರಹದ ರೂಪ ಬದಲಿಸುವ ಪ್ಯಾಂಡಾಕ್ ಮತ್ತು ಪುಟ ಜೋಡಿಸುವ, ಟೆಕ್ ಬಳಗದ ಜೀಲೇಟೆಕ್. ಪುಟದ ಅಳತೆ 8×4.8 ಇಂಚು ಎಂದು ಕೊಟ್ಟು ಪಿಡಿಎಫ್ ಮಾಡಿ, ಅದನ್ನು ಚಿತ್ರವಾಗಿಸುವ ಪಾಪ್ಲರ್‌ನ ಸಾಧನದಿಂದ ಇಂಚಿಗೆ 100 ಚುಕ್ಕೆಯಂತೆ ತೆಗೆದರೆ ನೇರವಾಗಿ 800×480 ಸಿಗುತ್ತದೆ. ಅದಕ್ಕೆ ಪಿಬಿಎಂ ಕೊಡುವ ಏಕವರ್ಣದ ಆಯ್ಕೆಯೂ ಇದೆ. ಪುಟ ತುಂಬಿದರೆ ಎರಡನೇ ಪುಟ ತಾನಾಗಿ ಹುಟ್ಟುತ್ತದೆ. ಇಷ್ಟವಾಯಿತು. ಆದರೆ ಒಂದು ಸಣ್ಣ ಸೂಚನೆಗೆ ಇಡೀ ಟೆಕ್ ಸಂಸಾರವನ್ನು ಹೊತ್ತು ತರಬೇಕು. ಅಕ್ಷರದ ಗಾತ್ರ ಇಳಿಸಿ ಮತ್ತೆ ಮತ್ತೆ ಪ್ರಯತ್ನಿಸುವಾಗ ಪ್ರತಿ ಸಲವೂ ಕಾಯಬೇಕು.

ಕೊನೆಗೆ ನಿಂತದ್ದು ಬರಹ ಜೋಡಿಸುವ ಪ್ಯಾಂಗೋ ಮತ್ತು ಅದನ್ನು ಚಿತ್ರವಾಗಿ ಬರೆಯುವ ಕೈರೋ. ಪ್ಯಾಂಗೋ ಒಳಗೆ ಹಾರ್ಫ್‌ಬಜ್ ಇದೆ, ಸಾಲು ಮುರಿಯುವುದು ಗೊತ್ತು, ದಪ್ಪ-ಸಾದಾ ಬೆರೆಸುವುದು ಗೊತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರ ಬರೆಯುವ ಮೊದಲೇ "ಈ ಬರಹ ಇಷ್ಟು ಎತ್ತರ ಆಗುತ್ತದೆ" ಎಂದು ಅಳತೆ ಕೊಡುತ್ತದೆ. ಆ ಒಂದು ಸಂಖ್ಯೆಗಾಗಿಯೇ ಅದನ್ನು ಆರಿಸಿದೆ. 480 ಮೀರಿದರೆ 28 ಪಿಕ್ಸೆಲ್ ಅಕ್ಷರವನ್ನು 24ಕ್ಕೆ ಇಳಿಸು. ಆಗಲೂ ಮೀರಿದರೆ ಪ್ಯಾರಾ ಮುಗಿಯುವಲ್ಲಿ ಕತ್ತರಿಸಿ ಎರಡನೇ ಪರದೆ ಮಾಡು. 24ಕ್ಕಿಂತ ಕೆಳಗಿಳಿಯಬೇಡ.

ಸಾಲಿನ ಎತ್ತರದ ಬಗ್ಗೆ ಒಂದು ಮಾತು. ಇಂಗ್ಲಿಷಿಗೆ ಅಕ್ಷರದ ಗಾತ್ರದ 1.2 ಪಟ್ಟು ಸಾಕಾಗುತ್ತದೆ. ಕನ್ನಡಕ್ಕೆ ಅಷ್ಟೇ ಕೊಟ್ಟರೆ "ರಾಷ್ಟ್ರ"ದ ಎರಡು ಒತ್ತು ಕೆಳಸಾಲಿನ ಗುಡಿಸಿನ ತಲೆ ಮೇಲೆ ಕೂರುತ್ತದೆ. 1.5 ಕೊಟ್ಟೆವು. 28ಕ್ಕೆ 42 ಪಿಕ್ಸೆಲ್, ಮೇಲೆ ಕೆಳಗೆ 24ರ ಅಂಚು ಬಿಟ್ಟರೆ ಪರದೆಗೆ ಹತ್ತೇ ಸಾಲು. ಬರೆಯುವವರು ಗೊಣಗಿದರು, ಸೂಚನೆಗಳು ಚಿಕ್ಕದಾದವು.

ಚಿಹ್ನೆಗಳೂ ಪ್ರತ್ಯಯಗಳೂ

ಮಾರ್ಕ್‌ಡೌನ್ ಕಲಿಯಲು ಹತ್ತು ನಿಮಿಷ ಸಾಕು ಎಂದೆನಲ್ಲ, ಅದು ಇಂಗ್ಲಿಷಿನಲ್ಲಿ ಬರೆಯುವವರಿಗೆ. ಕನ್ನಡದಲ್ಲಿ ಪದದ ಬಾಲಕ್ಕೆ ಪ್ರತ್ಯಯ ಅಂಟಿಕೊಳ್ಳುತ್ತದೆ, ಮಾರ್ಕ್‌ಡೌನ್‌ನ ನಿಯಮಗಳು ಎಡವುವುದು ಸರಿಯಾಗಿ ಅಲ್ಲೇ.

ಒಬ್ಬರು _ರಜೆ_ಯನ್ನು ಎಂದು ಬರೆದರು. ರಜೆ ಎಂಬ ಪದಕ್ಕೆ ಮಾತ್ರ ಒತ್ತು, "ಯನ್ನು" ಸಾದಾ. ಫಲಕದ ಮೇಲೆ ಅಡಿಗೆರೆಗಳು ಹಾಗೆಯೇ ಬಿದ್ದವು. ಮಾರ್ಕ್‌ಡೌನ್ ಅನ್ನು ಖಚಿತವಾಗಿ ವಿವರಿಸಲು 2014ರಲ್ಲಿ ಬಂದ ಕಾಮನ್‌ಮಾರ್ಕ್ ನಿಯಮದ ಪ್ರಕಾರ ಅಡಿಗೆರೆ ಪದದ ನಡುವೆ ಬಂದರೆ ಅದು ಒತ್ತಿನ ಗುರುತಲ್ಲ. ಪ್ರೋಗ್ರಾಮರುಗಳು ಚರಗಳ ಹೆಸರಿನಲ್ಲಿ ಅಡಿಗೆರೆ ಬಳಸುತ್ತಾರಲ್ಲ, ಅದನ್ನು ಕಾಪಾಡಲು ಮಾಡಿದ ನಿಯಮ. ನಕ್ಷತ್ರಕ್ಕೆ ಆ ಕಟ್ಟುಪಾಡಿಲ್ಲ, **ರಜೆ**ಯನ್ನು ಸರಿಯಾಗಿ ಬರುತ್ತದೆ. ಹಾಗಾದರೆ ನಕ್ಷತ್ರವನ್ನೇ ಬಳಸಿ ಎಂದೆ. ಮರುದಿನ ಇನ್ನೊಬ್ಬರು **"ರಜೆ"**ಯನ್ನು ಎಂದು ಬರೆದರು. ಮತ್ತೆ ನಕ್ಷತ್ರಗಳು ಫಲಕದ ಮೇಲೆ! ಮುಚ್ಚುವ ನಕ್ಷತ್ರದ ಹಿಂದೆ ಉದ್ಧರಣ ಚಿಹ್ನೆ, ಮುಂದೆ ಅಕ್ಷರ. ಹಾಗಿದ್ದಾಗ ಅದನ್ನು ಮುಚ್ಚುವ ಗುರುತೆಂದು ನಿಯಮ ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಉದ್ಧರಣದ ನಂತರ ಜಾಗ ಬರುತ್ತದೆ, ತೊಂದರೆಯಿಲ್ಲ. ನಮಗೆ "ಯನ್ನು", "ಕ್ಕೆ", "ದಲ್ಲಿ" ಬಂದೇ ಬರುತ್ತವೆ. ಉದ್ಧರಣ ಚಿಹ್ನೆಯನ್ನು ಹೊರಗಿಟ್ಟು "**ರಜೆ**"ಯನ್ನು ಎಂದರೆ ಸರಿ. ಇದನ್ನು ಮೂವರಿಗೆ ನೆನಪಿಡಲು ಹೇಳುವುದು ದಂಡ ಎಂದು ಗೊತ್ತಾಗಿ, ಪರಿವರ್ತನೆಯ ನಂತರವೂ ಬರಹದಲ್ಲಿ ಜೋಡಿ ನಕ್ಷತ್ರ ಅಥವಾ ಪದಕ್ಕಂಟಿದ ಅಡಿಗೆರೆ ಉಳಿದಿದ್ದರೆ ಸೂಚನೆಯನ್ನು ಫಲಕಕ್ಕೆ ಕಳಿಸದೆ ಬರೆದವರಿಗೇ ಹಿಂದಿರುಗಿಸುವಂತೆ ಮಾಡಿದೆ.

ಪಟ್ಟಿಯ ಕಥೆ ಇನ್ನೂ ಸ್ವಾರಸ್ಯ. ಗ್ರಂಥಪಾಲಕಿ ಕನ್ನಡ ಅಂಕಿಗಳನ್ನು ಬಿಟ್ಟವರಲ್ಲ. ೧. ೨. ೩. ಎಂದು ಸಾಲಾಗಿ ನಿಯಮಗಳನ್ನು ಬರೆದರು. ಫಲಕದಲ್ಲಿ ಮೂರೂ ಒಂದೇ ಪ್ಯಾರಾದಲ್ಲಿ ಕಲಸಿಕೊಂಡು ಬಂದವು. ಕಾಮನ್‌ಮಾರ್ಕ್ ಪಟ್ಟಿಯ ಅಂಕಿ ಎಂದು ಒಪ್ಪುವುದು 0ಯಿಂದ 9ರವರೆಗಿನ ಇಂಗ್ಲಿಷ್ ಅಂಕಿಗಳನ್ನು ಮಾತ್ರ. "೧." ಅದರ ಪಾಲಿಗೆ ಒಂದು ಪದ. ಪಟ್ಟಿಯಲ್ಲದ ಸಾಲುಗಳ ನಡುವಿನ ಸಾಲು ಮುರಿತವನ್ನು ಅದು ಬರೀ ಜಾಗವೆಂದು ಎಣಿಸುತ್ತದೆ. ಸ್ಕ್ರಿಪ್ಟಿನ ಮೊದಲ ಹೆಜ್ಜೆಯಲ್ಲಿ ಸಾಲಿನ ಆರಂಭದ ಕನ್ನಡ ಅಂಕಿಯನ್ನು ಇಂಗ್ಲಿಷಿಗೆ ಬದಲಿಸಿ, ಚಿತ್ರ ಬರೆಯುವಾಗ ಮತ್ತೆ ಕನ್ನಡಕ್ಕೆ ತಂದೆ. ಅವರಿಗೆ ಈ ಕಸರತ್ತಿನ ಸುಳಿವೇ ಇಲ್ಲ.

ಸಾಲು ಮುರಿತದ ಜಗಳ ಅಲ್ಲಿಗೇ ಮುಗಿಯಲಿಲ್ಲ. ತೆರೆದಿರುವ ಸಮಯವನ್ನು ದಿನಕ್ಕೊಂದು ಸಾಲಿನಂತೆ ಬರೆದರೆ ಎಲ್ಲವೂ ಅಂಟಿಕೊಳ್ಳುತ್ತಿತ್ತು. ಸಾಲಿನ ಕೊನೆಯಲ್ಲಿ ಎರಡು ಸ್ಪೇಸ್ ಕೊಡಿ ಎಂದು ಪುಸ್ತಕದ ಉತ್ತರ ಹೇಳಿದೆ. ಆ ಮೇಲೆ ಪ್ರತಿ ಸಾಲಿನ ಕೊನೆಗೂ ಪೂರ್ಣವಿರಾಮ ಬರತೊಡಗಿತು, ಸಾಲುಗಳು ಮಾತ್ರ ಅಂಟಿಕೊಂಡೇ ಇದ್ದವು. ಎರಡು ಸಲ ಸ್ಪೇಸ್ ಒತ್ತಿದರೆ ಮೊಬೈಲ್ ಕೀಲಿಮಣೆ ಅದನ್ನು ಚುಕ್ಕೆ ಮಾಡಿಬಿಡುತ್ತದೆ! "ನೀವು ಹೇಳಿದ ಹಾಗೇ ಮಾಡಿದೀನಿ ಸರ್" ಎಂದು ಅವರು ಹೇಳಿದ್ದು ಅಕ್ಷರಶಃ ನಿಜ. ಎಂಟರ್ ಒತ್ತಿದಲ್ಲೆಲ್ಲ ಸಾಲು ಮುರಿಯಲಿ ಎಂದು ಬದಲಿಸಿದೆ. ಶುದ್ಧ ಮಾರ್ಕ್‌ಡೌನ್ ಬೇಕೆನ್ನುವವರು ಮೂಗು ಮುರಿಯಬಹುದು. ಸೂಚನಾ ಫಲಕಕ್ಕೆ ಇದೇ ಸರಿ.

ಇಟಾಲಿಕ್ ಕೈಬಿಟ್ಟೆ. ಫಾಂಟಿನಲ್ಲಿ ಇಲ್ಲದ ಓರೆಯನ್ನು ಬಲವಂತವಾಗಿ ಮಾಡಿಸಿದರೆ ಕನ್ನಡದ ದುಂಡಕ್ಷರ ಕಾಲು ಜಾರಿದಂತೆ ಕಾಣುತ್ತದೆ. ಒಂದು ನಕ್ಷತ್ರಕ್ಕೂ ಎರಡು ನಕ್ಷತ್ರಕ್ಕೂ ದಪ್ಪಕ್ಷರವೇ. ಕೋಷ್ಟಕವನ್ನೂ ಕೈಬಿಟ್ಟೆ, ಅದು ಹೇಗೂ ಕಾಮನ್‌ಮಾರ್ಕ್‌ನ ಮೂಲ ನಿಯಮದಲ್ಲಿಲ್ಲ.

ಕಣ್ಣಿಗೆ ಕಾಣದ ಒಂದು ಅಕ್ಷರ

ಬೇರೆಡೆಯಿಂದ ಅಂಟಿಸಿದ ಬರಹದಲ್ಲಿ ಕಾಣದ ಅಕ್ಷರಗಳು ನುಸುಳುತ್ತವೆ ಎಂದು, ಶೂನ್ಯ ಅಗಲದ ಎಲ್ಲವನ್ನೂ ಅಳಿಸುವ ಒಂದು ಸಾಲು ಬರೆದಿದ್ದೆ. ಜಾಣತನ ಅಂದುಕೊಂಡಿದ್ದೆ. ಕೆಲವು ದಿನ ಬಿಟ್ಟು "ಸಾಫ್ಟ್‌ವೇರ್" ಹೋಗಿ "ಸಾಫ್ಟ್ವೇರ್" ಆದದ್ದು ಕಣ್ಣಿಗೆ ಬಿತ್ತು. "ಟ್" ಮತ್ತು "ವೇ" ನಡುವೆ ಕೂರುವ ಆ ಕಾಣದ ಅಕ್ಷರದ ಕೆಲಸವೇ ಒತ್ತು ಆಗದಂತೆ ತಡೆಯುವುದು. ಕನ್ನಡದಲ್ಲಿ ಅದು ಕಸವಲ್ಲ, ಕಾಗುಣಿತ. ಹಾಗೆಯೇ "ರ‍್ಯಾಮ್" ಸರಿಯಾಗಿ ಬರಲು ಅದರ ಜೋಡಿ, ಅಂದರೆ ಬೆಸೆಯುವ ಕಾಣದ ಅಕ್ಷರ, ಬೇಕು. ಇವೆರಡನ್ನು ಬಿಟ್ಟು ಉಳಿದವನ್ನು ಅಳಿಸುವಂತೆ ತಿದ್ದಿದೆ.

ಬೂದು ಬಣ್ಣದಿಂದ ಕಪ್ಪಿಗೆ

ಈಗ ದನದ ವಿಷಯ. ಕೈರೋ ಅಕ್ಷರ ಬರೆಯುವಾಗ ಅಂಚನ್ನು ನಯ ಮಾಡಲು 256 ಬಗೆಯ ಬೂದು (0 ಕಪ್ಪು, 255 ಬಿಳುಪು) ಬಳಸುತ್ತದೆ. ಫಲಕಕ್ಕೆ ಬೇಕಾದದ್ದು ಎರಡೇ. ಬೂದನ್ನು ಎರಡಾಗಿ ಒಡೆಯುವ ಕೆಲಸವನ್ನು ಪಿಲ್ಲೋಗೆ ಬಿಟ್ಟಿದ್ದೆ. ಅದು ಕೇಳದೆಯೇ ಫ್ಲಾಯ್ಡ್-ಸ್ಟೈನ್‌ಬರ್ಗ್ ವಿಧಾನ ಹಚ್ಚುತ್ತದೆ. 1976ರ ಆ ವಿಧಾನದಲ್ಲಿ ಪ್ರತಿ ಚುಕ್ಕೆಯ ತಪ್ಪನ್ನು 7/16, 3/16, 5/16, 1/16ರ ಪಾಲಿನಲ್ಲಿ ನೆರೆಯ ಚುಕ್ಕೆಗಳಿಗೆ ಹಂಚುತ್ತಾರೆ. ಮುಖದ ಚಿತ್ರಕ್ಕೆ ಅದ್ಭುತ. ಅಕ್ಷರದ ಸುತ್ತ ಇರುವೆ ಮುತ್ತಿದಂತೆ ಆಯಿತು. ಅದನ್ನು ನಿಲ್ಲಿಸಿ, 128ಕ್ಕಿಂತ ಕಡಿಮೆ ಇದ್ದರೆ ಕಪ್ಪು, ಇಲ್ಲದಿದ್ದರೆ ಬಿಳುಪು ಎಂದು ನಡುವೆ ಕತ್ತರಿಸಿದೆ. ಅಂಚು ಚೊಕ್ಕವಾಯಿತು, ಕೈತೊಳೆದುಕೊಂಡೆ.

"ಧ"ದ ಹೊಟ್ಟೆ ಸೀಳು ಎಷ್ಟು ತೆಳು ಎಂದು ನಾನು ಅಳೆದಿರಲಿಲ್ಲ. ಸಣ್ಣ ಗಾತ್ರದಲ್ಲಿ ಆ ಕಡ್ಡಿ ಒಂದು ಪಿಕ್ಸೆಲ್‌ನ ಮೂರನೇ ಒಂದು ಭಾಗ ಮಾತ್ರ ಮುಚ್ಚಿದರೆ ಆ ಚುಕ್ಕೆಯ ಬೆಲೆ 170. 128ರ ಗೆರೆಯ ಮೇಲೆ ಇರುವುದರಿಂದ ಬಿಳುಪು. ಅಲ್ಲಿಗೆ ಧನ ಹೋಗಿ ದನ ಬಂತು. ಅದೇ ಕಾರಣಕ್ಕೆ "ಫಲಿತಾಂಶ" "ಪಲಿತಾಂಶ" ಆಗಿತ್ತು, "ಢ"ಯೂ "ಡ" ಆಗಿತ್ತು. ಹಳೆಯ ಸೂಚನೆಗಳ ಚಿತ್ರಗಳನ್ನು ತಿರುವಿದರೆ ಹೊಟ್ಟೆ ಸೀಳಿನ ಮಹಾಪ್ರಾಣಗಳೆಲ್ಲ ವಾರಗಳಿಂದ ಅಲ್ಪಪ್ರಾಣವಾಗಿ ಕೂತಿದ್ದವು. ಓದುವವರು ಸಂದರ್ಭದಿಂದ ಅರ್ಥ ಮಾಡಿಕೊಂಡು ಮುಂದೆ ಹೋಗಿದ್ದರು. ದನ ಬಂದಾಗ ಮಾತ್ರ ಯಾರೋ ನಕ್ಕರು.

ಗೆರೆಯನ್ನು 200ಕ್ಕೆ ಏರಿಸಿದರೆ ಸೀಳು ಮರಳಿ ಬಂತು, ಆದರೆ "ಣ", "ಖ"ಗಳ ಒಳಗಿನ ಬಿಳಿ ಜಾಗ ತುಂಬಿಕೊಂಡು ಮಸಿ ಬಿದ್ದಂತಾಯಿತು. ಒಂದು ಸಂಜೆ ಪೂರ್ತಿ ಇದೇ ಕೆಲಸ: ಒಂದು ಗಾತ್ರ, ಒಂದು ದಪ್ಪ, ಒಂದು ಗೆರೆ, ಚಿತ್ರ ತೆಗೆ, ಹತ್ತು ಪಟ್ಟು ಹಿಗ್ಗಿಸಿ ನೋಡು. ಕೊನೆಗೆ ನೋಟೋ ಸ್ಯಾನ್ಸ್ ಕನ್ನಡದ ಮಧ್ಯಮ ದಪ್ಪ, 28 ಪಿಕ್ಸೆಲ್, 176ರ ಗೆರೆ ಹೊಂದಿಕೊಂಡವು. 24ರಲ್ಲಿ "ಢ" ಇನ್ನೂ ಸ್ವಲ್ಪ ಅನುಮಾನವೇ, ಆದರೆ ಓದಬಹುದು.

46 ಬೈಟ್

ಒಂದು ಬೆಳಿಗ್ಗೆ ಸೂಚನೆಯ ಎಡಭಾಗ ಬಲಕ್ಕೆ ಸರಿದು, ಬಲಭಾಗ ಸುತ್ತಿಕೊಂಡು ಎಡಕ್ಕೆ ಬಂದಿತ್ತು. ಕಡತದ ಗಾತ್ರ ನೋಡಿದರೆ 48,057. ಹಿಂದಿನ ಸಂಜೆ ಯಾರೋ ಆ ಪಿಬಿಎಂ ಕಡತವನ್ನು ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆದು, ಒಂದು ಗೆರೆ ಎಳೆದು ಉಳಿಸಿದ್ದರು. ಆ ತಂತ್ರಾಂಶ ಹೆಡರಿನಲ್ಲಿ # ಇಂದ ಶುರುವಾಗುವ ಒಂದು ಸಾಲು, ತನ್ನ ಹೆಸರು ಮತ್ತು ಆವೃತ್ತಿ, ಸೇರಿಸಿತ್ತು. 46 ಬೈಟ್. ಪಿಬಿಎಂ ನಿಯಮ ಅದಕ್ಕೆ ಅವಕಾಶ ಕೊಡುತ್ತದೆ, ಹಾಗಾಗಿ ತಪ್ಪು ಅದರದ್ದಲ್ಲ. ಚಿಪ್ಪಿನ ಕೋಡಿನಲ್ಲಿ ಹೆಡರ್ ಓದದೆ "ಮೊದಲ 11 ಬೈಟ್ ಬಿಟ್ಟುಬಿಡು" ಎಂದು ಬರೆದ ಸೋಮಾರಿ ನಾನು. ಒಂದು ಬೈಟ್ ಎಂದರೆ ಎಂಟು ಚುಕ್ಕೆ, 46 ಬೈಟ್ ಎಂದರೆ 368 ಚುಕ್ಕೆಯ ಸರಿತ. ಲೆಕ್ಕ ಪಕ್ಕಾ ತಾಳೆಯಾಯಿತು. ಈಗ ಚಿಪ್ಪು ಹೆಡರನ್ನು ಅಕ್ಷರ ಅಕ್ಷರವಾಗಿ ಓದುತ್ತದೆ, # ಸಾಲುಗಳನ್ನು ದಾಟುತ್ತದೆ, ಅಗಲ ಎತ್ತರ ಹೊಂದದಿದ್ದರೆ ಹಳೆಯ ಚಿತ್ರವನ್ನೇ ಉಳಿಸಿಕೊಳ್ಳುತ್ತದೆ.

ಮೊದಲ ದಿನ ಇಡೀ ಫಲಕ ಕಪ್ಪಾಗಿ, ಅಕ್ಷರ ಬಿಳಿಯಾಗಿ ಬಂದದ್ದೂ ಇಂಥದ್ದೇ. ಪಿಬಿಎಂನಲ್ಲಿ 1 ಅಂದರೆ ಕಪ್ಪು, ನಮ್ಮ ಫಲಕಕ್ಕೆ 1 ಅಂದರೆ ಬಿಳುಪು. ಬೈಟ್‌ಗಳನ್ನು ತಿರುವಿ ಹಾಕಿದೆ.

ಈಗ ಹೇಗಿದೆ

ಇ-ಪೇಪರ್ ಚಿತ್ರ ಬದಲಿಸುವಾಗ ಕೆಲವು ಸೆಕೆಂಡು ಕಪ್ಪು-ಬಿಳುಪಾಗಿ ಮಿನುಗುತ್ತದೆ. ಎದುರು ಕೂತವರಿಗೆ ಕಿರಿಕಿರಿ. ಹಾಗಾಗಿ ಹೊಸ ಚಿತ್ರದ ಹ್ಯಾಶ್ (ಬೈಟ್‌ಗಳಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹಳೆಯದರಂತೆಯೇ ಇದ್ದರೆ ಫಲಕವನ್ನು ಮುಟ್ಟುವುದಿಲ್ಲ. ನಮ್ಮ ಸ್ಕ್ರಿಪ್ಟ್ ಬರೆಯುವ ಪಿಬಿಎಂ ಒಳಗೆ ದಿನಾಂಕ, ಸಮಯ ಯಾವುದೂ ಇಲ್ಲದ್ದರಿಂದ ಅದೇ ಬರಹಕ್ಕೆ ಅದೇ ಬೈಟ್‌ಗಳು ಸಿಗುತ್ತವೆ. ಒಮ್ಮೆ ಫಾಂಟ್ ತಾನಾಗಿ ಹೊಸ ಆವೃತ್ತಿಗೆ ಏರಿದಾಗ ಎಲ್ಲ ಹ್ಯಾಶ್‌ಗಳೂ ಬದಲಾದವು. ಆಮೇಲೆ ಫಾಂಟ್ ಕಡತವನ್ನು ಸ್ಕ್ರಿಪ್ಟಿನ ಪಕ್ಕದಲ್ಲೇ ಇಟ್ಟು, ಯಂತ್ರದ ಫಾಂಟನ್ನು ನೋಡದಂತೆ ಮಾಡಿದೆ.

ಅದೇ ಸೂಚನೆ ಗೋಡೆಗೆ ಅಂಟಿಸಲು ಎ4 ಗಾತ್ರದಲ್ಲಿ ಬೇಕೆಂದು ಕೇಳಿದರು. ಇಂಚಿಗೆ 300 ಚುಕ್ಕೆಯಂತೆ ಅದು 2480×3508. ಪಿಬಿಎಂನ ಬಣ್ಣದ ಸೋದರ ಪಿಪಿಎಂ ಮಾಡಿದರೆ 26 ಎಂಬಿ, ಒಂದೇ ಬಿಟ್‌ನ ಪಿಬಿಎಂ ಆದರೆ 1 ಎಂಬಿಗಿಂತ ಸ್ವಲ್ಪ ಹೆಚ್ಚು. ಅದಕ್ಕೆ ಪಿಎನ್‌ಜಿಯನ್ನೇ ಕೊಟ್ಟೆ, ಮುದ್ರಣಕ್ಕೆ ಬೂದು ಇದ್ದರೆ ಚೆಂದ.

ಚಿತ್ರವಾದ ಮೇಲೆ ಬರಹವನ್ನು ಹುಡುಕಲು ಬರುವುದಿಲ್ಲ, ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಮೂಕ. ಹಾಗಾಗಿ ಮೂಲ ಮಾರ್ಕ್‌ಡೌನ್ ಕಡತಗಳನ್ನು ಒಂದನ್ನೂ ಅಳಿಸುವುದಿಲ್ಲ, ಚಿತ್ರಗಳನ್ನು ಮಾತ್ರ ಯಾವಾಗ ಬೇಕಾದರೂ ಅಳಿಸಬಹುದು.

ಸ್ಕ್ರಿಪ್ಟಿನಲ್ಲಿ ಏನೇ ಬದಲಿಸಿದರೂ ಮೊದಲು ಒಂದು ಪರೀಕ್ಷೆಯ ಸೂಚನೆ ಹಾಯುತ್ತದೆ. ಅದರಲ್ಲಿ ಸ್ತ್ರೀ, ರಾಷ್ಟ್ರ, ಸೂರ್ಯ, ಸಾಫ್ಟ್‌ವೇರ್, ಫಲಿತಾಂಶ, ೧. ೨. ೩. ಎಲ್ಲವೂ ಇವೆ. ಕೊನೆಯ ಸಾಲು ಗ್ರಂಥಪಾಲಕಿಯೇ ಬರೆದುಕೊಟ್ಟದ್ದು: "ದನಕ್ಕೆ ಹುಲ್ಲು, ವಿದ್ಯಾರ್ಥಿಗೆ ಸಹಾಯಧನ." ಚಿತ್ರ ಬಂದ ಮೇಲೆ ಅವರು ಫಲಕದ ಹತ್ತಿರ ಹೋಗಿ, ಕನ್ನಡಕ ತೆಗೆದು ಓದುತ್ತಾರೆ. ಅವರು ತಲೆಯಾಡಿಸಿದರೆ ಹೊಸ ಆವೃತ್ತಿ ಹಾಕುತ್ತೇನೆ.